ಹದಿಮೂರು ಮೊಳದ ಪಡಸಾಲೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮವ್ವ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳಲ್ಲ. ಆದರೆ ಇಷ್ಟು ವರ್ಷ ಇಟ್ಟಿಗೆ, ಉಸುಕು, ಗಂಡಸರ ನಡುವೆ ದುಡಿದ ಹೆಂಗಸಿಗೆ ಸಿಟ್ಟು ಬೇರೆಲ್ಲಿ ಇರಬೇಕಿತ್ತು ಎಂದು ಅವಳು ಯೋಚಿಸಿದಂತಿಲ್ಲ.

ಮನೆಯ ನಕ್ಷೆ ಬರೆಯುವುದು, ಅದರಂತೆ ಕಟ್ಟಿಸಿಕೊಡುವುದು ನನ್ನ ಕೆಲಸ. ಡಿಪ್ಲೊಮಾ ಮುಗಿಸಿ ಚಿಕ್ಕೋಡಿಯ ಬಸ್ ನಿಲ್ದಾಣದ ಹತ್ತಿರ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಆಫೀಸು ತೆರೆದಾಗ ನಕ್ಷೆ ಒಯ್ಯಲು ಜನ ಬಂದರು, ಕಟ್ಟಲು ಗೌಂಡಿಗಳು ಬರಲಿಲ್ಲ. ಬಂದ ಒಬ್ಬ ಗೌಂಡಿ ಮೊದಲ ದಿನವೇ, "ಹೆಣ್ಮಗಳು ಹೇಳಿದಂಗ ಇಟ್ಟಂಗಿ ಇಡಬೇಕೇನ್ರಿ" ಎಂದು ಕರಣೆ ತೊಳೆದುಕೊಂಡು ಎದ್ದು ಹೋದ. ಅವನ ಹಿಂದೆ ಇನ್ನಿಬ್ಬರು ಹೋದರು.

ಆಗ ಉಳಿದುಕೊಂಡವರು ಗೌಂಡಿ ಕಾಕಾ. ಹತ್ತಿರದ ಹಳ್ಳಿಯವರು, ಆಗಲೇ ಐವತ್ತರ ಹತ್ತಿರ ಇದ್ದರು. ಹೋದವರನ್ನು ಬೈಯಲಿಲ್ಲ, ನನ್ನನ್ನು ಹೊಗಳಲಿಲ್ಲ. "ಎಲ್ಲಿಂದ ಸುರು ಮಾಡೂನ್ರಿ ಬಾಯಾರ" ಎಂದರು, ಅಷ್ಟೇ. ಅವತ್ತಿನಿಂದ ನಾನು ಬರೆದ ಮನೆಗಳಲ್ಲಿ ಹೆಚ್ಚಿನವನ್ನು ಕಟ್ಟಿದವರು ಅವರೇ. ನನ್ನ ಹೆಸರು ನಿಂತದ್ದು ಅವರ ಗೋಡೆಗಳ ಮೇಲೆ.

ಕಾಲ ಬದಲಾಯಿತು, ನಾನೂ ಬದಲಾದೆ. ಕಾಗದದ ನಕ್ಷೆ ಹೋಗಿ ಕಂಪ್ಯೂಟರ್ ಬಂತು. ಅದು ಫೋನಿಗೆ ಇಳಿಯಿತು. ಮನೆಗೊಂದರಂತೆ ಫೋನಿನಲ್ಲಿ ಗ್ರೂಪು ಮಾಡಿ ಗೌಂಡಿ, ಸೆಂಟ್ರಿಂಗಿನವರು, ನಲ್ಲಿಯವರು, ಕರೆಂಟಿನವರು ಎಲ್ಲರನ್ನೂ ಅದರೊಳಗೆ ಕೂಡಿಹಾಕಿದೆ. ಕಾಕಾ ಮೊದಮೊದಲು ಫೋನನ್ನು ದೂರ ಹಿಡಿದು ನೋಡುತ್ತಿದ್ದರು. ಸಿಮೆಂಟು ತಿಂದು ತಿಂದು ಅವರ ಬೆರಳ ತುದಿಗಳು ಸವೆದಿದ್ದವು. ಫೋನಿನ ಗಾಜಿಗೆ ಆ ಬೆರಳು ಬೆರಳೆಂದೇ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಅವರು ಬೆರಳ ಗೆಣ್ಣಿನಿಂದ ಒತ್ತುವುದನ್ನು ಕಲಿತರು. ನಕ್ಷೆಯನ್ನು ಗೆಣ್ಣಿನಿಂದಲೇ ಸರಿಸಿ, ಗೆಣ್ಣಿನಿಂದಲೇ ದಿನಕ್ಕೆರಡು ಫೋಟೋ ತೆಗೆದು ಕಳಿಸುತ್ತಿದ್ದರು.

ನಾನೋ, ಅಥಣಿಯಲ್ಲೊಂದು, ಹಾರೂಗೇರಿಯಲ್ಲೊಂದು, ಕಾಗವಾಡದಲ್ಲೊಂದು ಕೆಲಸ ಹಿಡಿದು ಮೆರೆಯುತ್ತಿದ್ದೆ. ಕಾಗವಾಡದ ಚಾವಣಿಯ ಮೇಲೆ ನಿಂತು ಕೊಗನೊಳ್ಳಿ ಕಡೆಯ ಗೋಡೆಗೆ ಫೋನಿನಲ್ಲಿ ಹೆಬ್ಬೆರಳಿನ ಗುರುತು ಒತ್ತಿ ಒಪ್ಪಿಗೆ ಕೊಡುತ್ತಿದ್ದೆ. ಹಿಂದಿನವರು ಓದು ಬಾರದ್ದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ನಾನು ಓದು ಬಂದೂ ಓದದೆ ಒತ್ತುತ್ತಿದ್ದೆ.

ಕೊಗನೊಳ್ಳಿ ಕಡೆಯ ಆ ಮನೆ ಒಬ್ಬ ಶಿಕ್ಷಕಿಯದು, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರದು. ನಿಪ್ಪಾಣಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೊದಲ ಸಲ ಜಾಗ ನೋಡಲು ಹೋದಾಗ ಗೌಂಡಿ ಕಾಕಾ ಜೊತೆಗಿದ್ದರು. ಅಕ್ಕೋರು ಗಿಡ್ಡ ಆಳು, ದನಿಯೂ ಸಣ್ಣದು. ಆದರೆ ಮಾತು ಕಡ್ಡಿ ಮುರಿದಂತೆ.

"ನಾವು ಬೌದ್ಧರು. ಆಯ, ವಾಸ್ತು, ಮುಹೂರ್ತ ಯಾವುದೂ ನಮಗ ಬ್ಯಾಡ. ಬೆಳಕ ಇರಲಿ. ಪುಸ್ತಕಕ್ಕ ಒಂದು ಗ್ವಾಡಿ ಇರಲಿ."

ಅವರ ಅವ್ವ ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ದುಡಿದವರು. ಮನೆಯೆಂದರೆ ಒಂದೇ ಖೋಲಿ. ಇಲಿ ಕಡಿಯಬಾರದೆಂದು ಮಗಳ ಪುಸ್ತಕಗಳನ್ನು ತಂಬಾಕಿನ ಹಳೇ ಚೀಲದಲ್ಲಿ ತುಂಬಿ ಜಂತಿಗೆ ನೇತು ಹಾಕುತ್ತಿದ್ದರಂತೆ. ಪರೀಕ್ಷೆಯ ದಿನಗಳಲ್ಲಿ ಪುಸ್ತಕ ಬಿಚ್ಚಿದರೆ ಸೀನು ಬರುತ್ತಿತ್ತು ಎಂದು ಅಕ್ಕೋರು ನಗುತ್ತ ಹೇಳಿದರು. ಈಗ ಪಡಸಾಲೆಯ ಹಿಂದಿನ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ಪುಸ್ತಕದ ಕಪಾಟು ತುಂಬಬೇಕು, ನಡುವೆ ಒಂದು ಬೆರಳಿನಷ್ಟೂ ಖಾಲಿ ಇರಬಾರದು. ಅವ್ವನಿಗೆ ವಯಸ್ಸಾಗಿದೆ, ಅದನ್ನು ಅವಳು ಕುಳಿತು ನೋಡಬೇಕು. ಇದೊಂದೇ ಅವರು ಕೇಳಿದ್ದು.

ನಾನು ಪಡಸಾಲೆಯನ್ನು ಹದಿನೆಂಟು ಫೂಟಿಗೆ ಬರೆದೆ. ಎರಡೆರಡು ಫೂಟಿನ ಒಂಬತ್ತು ಕಪಾಟು. ಕೂರಿಸಲು ಸಡಿಲ ಬೇಕೆಂದು ಮೇಲೆ ಅರ್ಧ ಇಂಚು. ಕೊಲ್ಹಾಪುರದ ಒಂದು ವರ್ಕ್‌ಶಾಪಿಗೆ ನಕ್ಷೆ ಕಳಿಸಿದೆ. ಅಲ್ಲಿ ಕಂಪ್ಯೂಟರ್ ಹೇಳಿದಂತೆ ಯಂತ್ರವೇ ಹಲಗೆ ಕೊಯ್ಯುತ್ತದೆ. ಅವರು ಪದ್ಧತಿಯಂತೆ, ಗೋಡೆಗೆ ಗಿಲಾವು ಬಳಿದು ಮುಗಿದ ಮೇಲೆ ಒಮ್ಮೆ ಬಂದು ಗೋಡೆ ಅಳೆದುಕೊಂಡು ಹೋಗುತ್ತೇವೆ ಎಂದರು. ನಾನು ಬೇಡವೆಂದೆ. "ನನ್ನ ಡ್ರಾಯಿಂಗಿನಾಗ ಇದ್ದದ್ದ ಸೈಟಿನಾಗ ಇರತೈತ್ರಿ" ಎಂದೆ. ಆ ಮಾತು ಆಡಿದಾಗ ನನ್ನ ಕತ್ತು ಎಷ್ಟು ಮೇಲಿತ್ತು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಪಾಟು ಬಂದ ದಿನ ನಾನೂ ಹೋಗಿದ್ದೆ. ಅಕ್ಕೋರು ಶಾಲೆಗೆ ರಜೆ ಹಾಕಿ, ಅವ್ವನನ್ನು ಕರೆದುಕೊಂಡು ಬಂದಿದ್ದರು. ಆ ಮುದುಕಿಯನ್ನು ಪಡಸಾಲೆಯ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದರು. ಕೊಲ್ಹಾಪುರದ ಬಡಿಗರು ಹೊರಗೋಡೆಯ ಕಡೆಯಿಂದ ಒಂದೊಂದೇ ಕಪಾಟು ನಿಲ್ಲಿಸುತ್ತ ಬಂದರು. ಎಂಟು ನಿಂತವು, ಕೂದಲೆಳೆ ತೂರದಂತೆ. ಒಂಬತ್ತನೆಯದನ್ನು ಎತ್ತಿ ತಂದವನು ಅದನ್ನು ಹಾಗೇ ಹಿಡಿದುಕೊಂಡು ನಿಂತ. ಮತ್ತೆ ಕೆಳಗಿಟ್ಟ.

"ಮ್ಯಾಡಮ್, ಹೇ ಬಸತ್ ನಾಹೀ" ಎಂದ. ಇದು ಕೂರುವುದಿಲ್ಲ.

ಎರಡು ಫೂಟಿನ ಕಪಾಟು, ಉಳಿದ ಜಾಗ ಒಂದು ಫೂಟು ಒಂಬತ್ತು ಇಂಚು. ನಾನು ಚೀಲದಿಂದ ಲೇಸರ್ ಟೇಪು ತೆಗೆದೆ. ಅಂಗೈಯಷ್ಟಿರುವ ಯಂತ್ರ, ಗುಂಡಿ ಒತ್ತಿದರೆ ಎದುರು ಗೋಡೆಗೆ ಕೆಂಪು ಚುಕ್ಕೆ ಬಿದ್ದು ಅಳತೆ ಮೂಡುತ್ತದೆ. ಕಪಾಟುಗಳ ಮುಂದಿನಿಂದ ಹಿಡಿದೆ. ಹದಿನೇಳು ಫೂಟು ಒಂಬತ್ತು ಇಂಚು. ಇನ್ನೊಮ್ಮೆ ಹಿಡಿದೆ. ಅಷ್ಟೇ. ಪಡಸಾಲೆಗೂ ಮಲಗುವ ಖೋಲಿಗೂ ನಡುವಿನ ಗೋಡೆ, ಇರಬೇಕಾದ ಕಡೆಗಿಂತ ಮೂರೂವರೆ ಇಂಚು ಈಚೆ ಬಂದು ನಿಂತಿತ್ತು.

ನಾನು ಕಾಕಾನ ಮೇಲೆ ಹರಿಹಾಯ್ದೆ. ಎಲ್ಲರ ಎದುರು, ಆ ಮುದುಕಿಯ ಎದುರೂ. ಇಷ್ಟು ವರ್ಷದಲ್ಲಿ ಒಂದು ಇಂಚು ತಪ್ಪದವರು ಮೂರೂವರೆ ಹೇಗೆ ತಪ್ಪಿದಿರಿ, ಕಣ್ಣು ಕಾಣದಿದ್ದರೆ ಹೇಳಬಾರದಿತ್ತೆ, ಫೋನಿನಲ್ಲಿ ನಕ್ಷೆ ಇಟ್ಟುಕೊಂಡದ್ದು ಯಾತಕ್ಕೆ. ಅವರು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು.

"ತಪ್ಪಿಲ್ರಿ ಬಾಯಾರ. ತಿಳಿದ ಮಾಡೀನಿ."

"ಅಂದ್ರ?"

"ಆಯಕ್ಕ ಕೂಡಿಸೀನ್ರಿ."

ಆಯವೆಂದರೆ ನಮ್ಮ ಕಡೆ ಮನೆಯ ಹಣೆಬರಹ. ಮನೆಯೊಡತಿಯ ಮೊಳದಿಂದ, ಅಂದರೆ ಅವಳ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಅಳತೆಯಿಂದ ಪಡಸಾಲೆ ಅಳೆಯಬೇಕು. ಮೊಳದ ಲೆಕ್ಕವನ್ನು ಎಂಟರಿಂದ ಭಾಗಿಸಬೇಕು. ಐದು ಉಳಿದರೆ ಎತ್ತು, ಆ ಮನೆ ಬಾಳುತ್ತದೆ. ಆರು ಉಳಿದರೆ ಕತ್ತೆ, ನಾಲ್ಕು ಉಳಿದರೆ ನಾಯಿ. ಮೊಳ ಪೂರ್ತಿ ತುಂಬದೆ ಚೂರು ಉಳಿದರೆ ಅದು ಒಡಕು ಮೊಳ, ಅದಕ್ಕಿಂತ ಕೆಡುಕಿಲ್ಲ. ನನ್ನ ಕಂಪ್ಯೂಟರಿನಲ್ಲಿ ಕತ್ತೆ ನಾಯಿಗಳಿಗೆ ಜಾಗವಿಲ್ಲ ಎಂದು ನಾನು ಹಲವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ, ಕಾಕಾನ ಮುಂದೆಯೂ. ಅವರು ಆಗೆಲ್ಲ ಹೂಂಗುಟ್ಟಿದ್ದರು.

ಅವರು ಅಂಗಿಯ ಜೇಬಿನಿಂದ ಒಂದು ದಾರ ತೆಗೆದರು. ಗೋಡೆ ನೇರ ಹಿಡಿಯುವ ಹತ್ತಿಯ ದಾರ, ಎರಡು ಕಡೆ ಗಂಟು.

"ಅಕ್ಕೋರ ಮೊಳ ಹದಿನಾರು ಇಂಚು ಮೂರು ಸೂತ. ನೀವು ಬರದ ಅಳತಿಗೆ ಹದಿಮೂರು ಮೊಳ ತುಂಬಿ ಚೂರು ಉಳೀತಿತ್ರಿ. ಒಡಕ ಮೊಳದ ಪಡಸಾಲಿ ಕಟ್ಟಿಕೊಟ್ಟು ನಾ ಮನೀಗೆ ಹೋಗಿ ಹೆಂಗ ಉಣ್ಣಲಿ? ಚೂರು ತಗದೆ. ಈಗ ಬರೋಬರ ಹದಿಮೂರು. ಎತ್ತಿನ ಆಯ."

ಅಕ್ಕೋರಿಗೆ ಆಗ ನೆನಪಾಯಿತು. ಪಾಯ ತೋಡಿದ ದಿನ ಕಾಕಾ ಬಂದು, "ಈ ದಾರದ ತುದಿ ಸ್ವಲ್ಪ ಮೊಳಕೈಗೆ ಹಿಡೀರಿ ಅಕ್ಕೋರ" ಎಂದಿದ್ದರು. ಯಾವುದೋ ಕೆಲಸಕ್ಕಿರಬೇಕೆಂದು ಇವರು ಹಿಡಿದಿದ್ದರು.

ಅಕ್ಕೋರು ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಗೌಂಡ್ಯಾರ, ನಾ ಬ್ಯಾಡ ಅಂದದ್ದು ನಿಮಗ ಕೇಳಿಸಿತ್ತು ಹೌದಲ್ಲ?"

"ಕೇಳಿಸಿತ್ರಿ. ಕೆಟ್ಟ ಬಯಸಿ ಮಾಡಿಲ್ರಿ."

"ಗೊತ್ತೈತಿ. ಅದಕ್ಕ ನನಗ ಹೆಚ್ಚು ತ್ರಾಸ ಆಗೈತಿ. ಊರಾಗ ನಮ್ಮ ಮನಿ ಎಲ್ಲಿ ಇರಬೇಕು, ಎಷ್ಟು ಇರಬೇಕು ಅನ್ನೂದನ್ನ ಯಾವಾಗಲೂ ಬ್ಯಾರೇದವರು ಅಳದು ಹೇಳ್ಯಾರ. ಇದೊಂದು ಮನೀದು ನಾ ಹೇಳಿದ್ದೆ." ಕಾಕಾನ ಕೈಯ ದಾರವನ್ನೊಮ್ಮೆ ನೋಡಿ ಹೇಳಿದರು, "ನಾಳಿಂದ ನೀವು ಬರಬ್ಯಾಡ್ರಿ. ಗ್ವಾಡಿ ಯಾರರ ಬ್ಯಾರೇದವರು ಕಟ್ಟಲಿ."

ಕಾಕಾ ರುಮಾಲನ್ನು ಮತ್ತೆ ಸುತ್ತಿಕೊಳ್ಳಲೂ ಇಲ್ಲ, ಕೈಯಲ್ಲೇ ಹಿಡಿದು ನಿಂತರು. ಕೆಲಸದ ನಡುವಿನಿಂದ ಅವರನ್ನು ಯಾರೂ ಯಾವತ್ತೂ ಎಬ್ಬಿಸಿ ಕಳಿಸಿರಲಿಲ್ಲ. ಹೀಗೆ ಹೋದರೆ ಅವರು ಇನ್ನು ಕರಣೆ ಹಿಡಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಗೊತ್ತಿದ್ದೂ ನಾನು ಮಾಡಿದ್ದೇನು? ನನ್ನ ಮೈ ಕಾಯ್ದುಕೊಳ್ಳಲು ನೋಡಿದೆ. "ನನಗೂ ಹೇಳಿರಲಿಲ್ಲ ನೋಡ್ರಿ ಅಕ್ಕೋರ. ದಿನಾ ಫೋಟೋ ಕಳಸ್ತಿದ್ರು, ಒಂದರಾಗೂ ಗೊತ್ತಾಗಲಿಲ್ಲ" ಎಂದು ಫೋನು ತೆರೆದು ಗ್ರೂಪು ತೋರಿಸಿದೆ.

ಅವರು ಫೋನು ಇಸಿದುಕೊಂಡು ಕೆಳಗಿನಿಂದ ಮೇಲಿನವರೆಗೆ ನೋಡಿದರು. ತಮ್ಮ ಮನೆಯ ಪಾಯ, ಗೋಡೆ, ಚಾವಣಿ. ಪ್ರತಿಯೊಂದರ ಕೆಳಗೆ ನನ್ನ ಹೆಬ್ಬೆರಳು. ಆಮೇಲೆ ಗ್ರೂಪಿನಲ್ಲಿರುವವರ ಹೆಸರುಗಳನ್ನು ನೋಡಿದರು.

"ಇದರಾಗ ನಾ ಎಲ್ಲದೀನಿ?"

ಮನೆಯ ಮಾಲಕರನ್ನು ನಾನು ಯಾವ ಗ್ರೂಪಿಗೂ ಸೇರಿಸುತ್ತಿರಲಿಲ್ಲ. ಅವರು ಎಲ್ಲದಕ್ಕೂ ಪ್ರಶ್ನೆ ಕೇಳುತ್ತಾರೆ, ತಲೆ ತಿನ್ನುತ್ತಾರೆ, ಕೆಲಸ ತಡವಾಗುತ್ತದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅಷ್ಟೆಲ್ಲ ಬೆಳಕಿನ ಯಂತ್ರ ಇಟ್ಟುಕೊಂಡು ಮನೆಯೊಡತಿಯನ್ನು ನಾನೇ ಹೊರಗೆ ನಿಲ್ಲಿಸಿದ್ದೆ.

"ಅವರು ನನ್ನ ಕೈಯಾದ್ರೂ ಅಳದಾರ" ಎಂದರು ಅಕ್ಕೋರು, ಫೋನು ವಾಪಸು ಕೊಡುತ್ತ. ಅವ್ವನನ್ನು ಎಬ್ಬಿಸಿಕೊಂಡು ಹೊರಟರು. ಮುದುಕಿ ಹೋಗುವಾಗ ನಡುವೆ ನಿಂತಿದ್ದ ಒಂಬತ್ತನೆಯ ಕಪಾಟನ್ನು ಒಮ್ಮೆ ಮುಟ್ಟಿ ನೋಡಿದಳು.

ಸಂಜೆ ಚಿಕ್ಕೋಡಿಯ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಟ್ಟವಳೇ ಲೇಸರ್ ತೆಗೆದು ನಮ್ಮ ಪಡಸಾಲೆಗೆ ಹಿಡಿದೆ. ಈ ಮನೆ ನಾನೇ ಬರೆದದ್ದು, ಕಾಕಾ ಕಟ್ಟಿದ್ದು. ಹದಿನಾರು ಫೂಟು ಬರೆದಿದ್ದೆ. ಹದಿನೈದು ಫೂಟು ಹತ್ತು ಇಂಚು ತೋರಿಸಿತು. ಇಷ್ಟು ವರ್ಷ ಅದರಲ್ಲಿ ಕುಳಿತು ಉಂಡು, ಬಂದವರಿಗೆಲ್ಲ ಇಂಚು ತಪ್ಪದ ಮನೆ ಎಂದು ಹೇಳಿಕೊಂಡಿದ್ದೆ. ಇಂಗು ತಿಂದ ಮಂಗನ ಹಾಗೆ ನಿಂತ ನನ್ನನ್ನು ಅವ್ವ ಅಡುಗೆಮನೆಯ ಬಾಗಿಲಿನಿಂದ ನೋಡಿದಳು.

"ಆಯ ಕೂಡಿಸ್ಯಾನಲ್ಲ, ಅದಕ್ಕ ಕಮ್ಮಿ ಐತಿ" ಎಂದಳು, ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎನ್ನುವಷ್ಟು ಸರಳವಾಗಿ.

"ನಿನಗ ಗೊತ್ತಿತ್ತೇನ?"

"ನನ್ನ ಮೊಳಾನ ಅಳದಾನ, ಗೊತ್ತಿರೂದಿಲ್ಲೇನ? ಕೇಳಿದ. ಕೂಡಿಸಲೇನ್ರಿ ಅವ್ವಾರ, ನಿಮ್ಮ ಮಗಳು ಬೈತಾಳ ಅಂದ. ಕೂಡಿಸಪಾ, ಅಕೀಗೆ ಹೇಳಬ್ಯಾಡ ಅಂದೆ."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ದಕ್ಕಲ್ಲ. ನಮ್ಮವ್ವನನ್ನು ಕೇಳಿದವರು ಅಕ್ಕೋರನ್ನು ಯಾಕೆ ಕೇಳಲಿಲ್ಲ ಎಂದು ಯೋಚಿಸುತ್ತ ಕುಳಿತೆ. ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿದ್ದಕ್ಕೇ ಕೇಳಿರಲಿಲ್ಲ. ನಾನು ಮಾಲಕರನ್ನು ಗ್ರೂಪಿಗೆ ಸೇರಿಸದಿದ್ದದ್ದೂ ಅದೇ ಕಾರಣಕ್ಕೆ. ಅವರದು ದಾರ, ನನ್ನದು ಫೋನು, ಅಷ್ಟೇ ಫರಕು.

ಕಾಕಾಗೆ ಫೋನು ಹಚ್ಚಿದೆ. ಬೈದದ್ದಕ್ಕೆ ತಪ್ಪಾಯಿತು ಎಂದೆ. ಅದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. "ಅಕ್ಕೋರ ಮಾತು ಎದ್ಯಾಗ ನಟ್ಟ ಕುಂತೈತ್ರಿ ಬಾಯಾರ" ಎಂದರು. ನಾಳೆ ಇಬ್ಬರೂ ಅವರ ಮನೆಗೆ ಹೋಗೋಣ ಎಂದರು.

ಮರುದಿನ ರವಿವಾರ. ಇಬ್ಬರೂ ನಿಪ್ಪಾಣಿಯಲ್ಲಿ ಅಕ್ಕೋರು ಬಾಡಿಗೆಗಿದ್ದ ಮನೆಗೆ ಹೋದೆವು. ಕಾಕಾ ಬಾಗಿಲಲ್ಲೇ ನಿಂತು, ತಂದ ಮಾತನ್ನು ಅಲ್ಲೇ ಹೇಳಿದರು.

"ನಾ ಇಟ್ಟ ಗ್ವಾಡಿ ನಾನ ಕೆಡವತೀನ್ರಿ ಅಕ್ಕೋರ. ನೀವು ಹೇಳಿದ ಜಾಗಾದಾಗ ಇಡತೀನಿ. ಆಮ್ಯಾಲೆ ಬರಬ್ಯಾಡ ಅಂದ್ರ ಬರೂದಿಲ್ಲ. ಕೆಡವಲೇನ್ರಿ?"

ದಾರವನ್ನು ಕಟ್ಟೆಯ ಮೇಲೆ ಇಟ್ಟರು. ಅಕ್ಕೋರು ಅದನ್ನು ತೆಗೆದುಕೊಂಡು ಒಂದು ಗಂಟನ್ನು ಮೊಣಕೈಗೆ ಒತ್ತಿ, ಇನ್ನೊಂದನ್ನು ನಡುಬೆರಳಿನವರೆಗೆ ಎಳೆದರು. ಗಂಟು ಉಗುರಿನ ತುದಿಗೆ ಬಂದು ನಿಂತಿತು. ಗಣಿತದ ಅಕ್ಕೋರು, ಎರಡು ಸಲ ನೋಡಿದರು.

"ಅಳತಿ ಬರೋಬರ ಐತಿ."

"ಕೇಳಿ ಅಳೀಬೇಕಾಗಿತ್ರಿ."

ಒಳಗಿನಿಂದ ಮುದುಕಿ, "ಅವರನ್ನ ಬಿಸಲಾಗ ಯಾಕ ನಿಂದರಿಸೀದಿ?" ಎಂದು ಕೇಳಿದಳು. ಅಕ್ಕೋರು ದಾರವನ್ನು ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡರು. "ಒಳಗ ಬರ್ರಿ" ಎಂದರು. ಚಹಾ ಕುಡಿಯುವಾಗ, "ಕೆಡವ್ರಿ" ಎಂದರು. ನಾನು ಅಲ್ಲೇ ಕುಳಿತು ಫೋನು ತೆಗೆದು ಅವರನ್ನು ಗ್ರೂಪಿಗೆ ಸೇರಿಸಿದೆ. ಅವರ ಫೋನು ಟಿಣ್ ಎಂದಿತು. ನೋಡಿ, ಫೋನನ್ನು ಚಹಾದ ಕಪ್ಪಿನ ಪಕ್ಕ ಇಟ್ಟುಕೊಂಡರು.

ಚಾವಣಿಯ ಭಾರವೆಲ್ಲ ಕಂಬಗಳ ಮೇಲಿತ್ತು, ನಡುವಿನದು ಬರೀ ಮರೆಯ ಗೋಡೆ. ಆದ್ದರಿಂದ ಅದನ್ನು ಸರಿಸಲು ಮನೆಗೆ ಯಾವ ಅಪಾಯವೂ ಇರಲಿಲ್ಲ. ಆದರೂ ಗಟ್ಟಿ ಗೋಡೆಯನ್ನು ಕಟ್ಟಿದವನೇ ಒಡೆಯುವುದು ನೋಡುವ ಕೆಲಸವಲ್ಲ. ಕಾಕಾ ಇಟ್ಟಿಗೆಗಳನ್ನು ಪುಡಿಯಾಗದಂತೆ ಒಂದೊಂದಾಗಿ ಬಿಡಿಸಿದರು, ಅವನ್ನೇ ತೊಳೆದು ಮತ್ತೆ ಇಟ್ಟರು. ಈ ಸಲ ನಾನು ಕಾಗವಾಡದಲ್ಲಿರಲಿಲ್ಲ. ಅಲ್ಲೇ ಉಸುಕಿನ ಗುಡ್ಡೆಯ ಪಕ್ಕ ಕುಳಿತಿದ್ದೆ. ಅಕ್ಕೋರು ಗ್ರೂಪಿನಲ್ಲಿ ಪ್ರಶ್ನೆ ಕೇಳಿದರು, ನಾನು ಹೆದರಿದಂತೆಯೇ, ಒಂದಲ್ಲ ಹತ್ತು. ಮಲಗುವ ಖೋಲಿಯ ಕಿಟಕಿ ಗೋಡೆಗೆ ಹತ್ತಿರವಾಗುವುದಿಲ್ಲವೇ ಎಂದು ಕೇಳಿದ್ದು ನನಗೂ ಹೊಳೆದಿರಲಿಲ್ಲ. ಕಾಕಾ ಪ್ರತಿಯೊಂದಕ್ಕೂ ದನಿ ಮುದ್ರಿಸಿ ಉತ್ತರ ಕಳಿಸಿದರು, ಹಿಂದೆ ಕರಣೆಯ ಸದ್ದು ಕೇಳುತ್ತಿತ್ತು.

ಗಿಲಾವು ಒಣಗಿದ ಮೇಲೆ ಬಡಿಗರು ಮತ್ತೆ ಬಂದರು. ಅಕ್ಕೋರ ಅವ್ವ ಅದೇ ಕುರ್ಚಿಯಲ್ಲಿ ಕುಳಿತಿದ್ದಳು. ಕಪಾಟು ಎತ್ತುವ ಮೊದಲು ನಾನು ಚೀಲಕ್ಕೆ ಕೈ ಹಾಕಿದೆ. ಕಾಕಾ ಕೈ ಚಾಚಿದರು. ಆ ಲೇಸರನ್ನು ಅವರು ಅದುವರೆಗೆ ಮುಟ್ಟಿದವರಲ್ಲ, ತಮ್ಮ ಮೇಲೆ ನಂಬಿಕೆ ಇಲ್ಲದ್ದಕ್ಕೆ ನಾನು ತಂದ ಯಂತ್ರ ಎಂದು ಒಮ್ಮೆ ಅಂದಿದ್ದರು. ಇಸಿದುಕೊಂಡು ಹೊರಗೋಡೆಗೆ ಅದರ ಬೆನ್ನು ಹಚ್ಚಿದರು. ಬೆರಳ ಗೆಣ್ಣಿನಿಂದ ಗುಂಡಿ ಒತ್ತಿದರು. ಹೊಸ ಗೋಡೆಯ ಮೇಲೆ ಕೆಂಪು ಚುಕ್ಕೆ ಮೂಡಿತು.

ಅಂಕಿ ಬಂದದ್ದನ್ನು ಅವರು ನೋಡಲಿಲ್ಲ. ನನಗೂ ತೋರಿಸಲಿಲ್ಲ. ನಾನು ಓದಲು ಮುಂದೆ ಬಾಗಿದ್ದೆ, ಯಂತ್ರ ನನ್ನ ಮುಂದಿನಿಂದಲೇ ದಾಟಿ ಅಕ್ಕೋರ ಕೈಗೆ ಹೋಯಿತು.

"ನೀವ ಓದ್ರಿ ಅಕ್ಕೋರ. ನೀವು ಹೇಳಿದಷ್ಟ ಐತೇನ್ ನೋಡ್ರಿ."

ಅಕ್ಕೋರು ಓದಿದರು. "ಹದಿನೆಂಟು ಫೂಟು, ಅರ್ಧ ಇಂಚು." ಅವ್ವನಿಗೆ ಕೇಳಿಸಲೆಂದು ಇನ್ನೊಮ್ಮೆ, ಜೋರಾಗಿ ಓದಿದರು. ಆಮೇಲೆ, "ಐತ್ರಿ, ನಾ ಹೇಳಿದಷ್ಟ ಐತಿ" ಎಂದರು.

ಬಡಿಗರು ಒಂಬತ್ತನೆಯ ಕಪಾಟು ಎತ್ತಿದರು. ಅದು ಒಳಗೆ ಸರಿಯುವುದನ್ನು ಎಲ್ಲರೂ ನೋಡುತ್ತಿದ್ದರು. ನಾನು ನೋಡುತ್ತಿದ್ದದ್ದು ಕಾಕಾನನ್ನು. ನೀವು ಹೇಳಿದಷ್ಟು ಇದೆಯೇ ಎಂದು ಕಟ್ಟಿಸಿದವರನ್ನು ಕೇಳಬೇಕೆಂಬುದನ್ನು ಅವರು ಆ ಇಳಿವಯಸ್ಸಿನಲ್ಲಿ ಕಲಿತಿದ್ದರು. ಇಷ್ಟು ವರ್ಷದಲ್ಲಿ ಅದನ್ನು ನಾನು ಯಾರನ್ನೂ ಒಮ್ಮೆಯೂ ಕೇಳಿರಲಿಲ್ಲ.